ಸ್ಕಾಟ್ಲೆಂಡಿನ ಬೋಳು ಬೆಟ್ಟಗಳನ್ನು ಕುದುರೆಮುಖಕ್ಕೆ ಹೋಲಿಸಿ ಬೈಸಿಕೊಂಡೆ

ಬಾಳೆಹೊಳೆ

ಗ್ಲಾಸ್ಗೋಗೆ ಬಂದು ಎರಡು ವರ್ಷವಾಯಿತು. ಕಳೆದ ವಾರ ಫೋರ್ಟ್ ವಿಲಿಯಮ್‌ನಿಂದ ಮಾಲೇಗ್‌ವರೆಗೆ ರೈಲಿನಲ್ಲಿ ಹೋಗಿದ್ದೆ. ಕಿಟಕಿಯಾಚೆ ಒಂದರ ಬೆನ್ನಿಗೊಂದು ಬೆಟ್ಟ, ನೆತ್ತಿಗೆ ಮೋಡ, ಮೈತುಂಬ ಹುಲ್ಲು, ಇಳಿಜಾರಿನಲ್ಲಿ ದಾರ ಎಳೆದಂತೆ ಹಳ್ಳಗಳು. ಕಳಸದಿಂದ ಕುದುರೆಮುಖದ ಕಡೆ ಬಸ್ಸಿನಲ್ಲಿ ಕುಳಿತಂತೆಯೇ ಅನ್ನಿಸಿತು. ಫೋಟೋ ಹಾಕಿ, ‘ಮನುಷ್ಯ ಮುಟ್ಟದ ಪ್ರಕೃತಿ, ಥೇಟ್ ನಮ್ಮ ಕುದುರೆಮುಖ’ ಎಂದು ಬರೆದೆ. ಜೊತೆಗೆ ಕೆಲಸ ಮಾಡುವ ಸ್ಥಳೀಯ ಗೆಳೆಯ ಅನುವಾದ ಮಾಡಿಸಿಕೊಂಡು ಓದಿ ನಕ್ಕ. ‘ಮುಟ್ಟದ್ದಲ್ಲ, ಮುಟ್ಟಿ ಮುಟ್ಟಿ ಸವೆಸಿದ್ದು’ ಎಂದ. ಊರಿನಿಂದ ಅಣ್ಣ ಫೋನ್ ಮಾಡಿ, ಕುದುರೆಮುಖವನ್ನು ಆ ಬೋಳುಗುಡ್ಡಕ್ಕೆ ಹೋಲಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು ಎಂದು ಬೈದ. ಎರಡೂ ಕಡೆ ಬೈಸಿಕೊಂಡಿದ್ದೇನೆ, ತಪ್ಪು ಎಲ್ಲಿ ಎಂದು ಮಾತ್ರ ಗೊತ್ತಾಗಲಿಲ್ಲ.

ಜೂನ್‌ನಲ್ಲಿ ಹತ್ತು ದಿನ ರಜೆ ಇದೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ರಮ್ ದ್ವೀಪ, ಆಮೇಲೆ ಯೂಇಸ್ಟ್ ದ್ವೀಪಗಳಿಗೆ ಹೋಗುವ ಯೋಚನೆ. ಏನನ್ನು ನೋಡಬೇಕು, ಹೇಗೆ ನೋಡಬೇಕು, ತಿಳಿದವರು ಹೇಳಿ.

ಇನ್ವರ್ನೆಸ್‌ವಾಸಿ

ನಿಮ್ಮ ಗೆಳೆಯ ಹೇಳಿದ್ದು ಸರಿ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಮೊದಲ ಎರಡು ವರ್ಷ ನಾನೂ ನಿಮ್ಮಂತೆಯೇ ಬೆರಗಾಗಿ ತಿರುಗಿದವನು.

ಕಣ್ಣು ತೆರೆಸಿದ್ದು ಒಂದು ಹೆಸರು. ಗ್ಲೆನ್ ಆಫ್ರಿಕ್ ಕಣಿವೆಯ ಪಶ್ಚಿಮದ ತುದಿಯಲ್ಲಿ, ರಸ್ತೆಯಿಲ್ಲದ ಕಡೆ, ಒಂದು ತಂಗುದಾಣವಿದೆ. ಹೆಸರು ಆಲ್ಟ್ ಬೇಹೆ. ಗೇಲಿಕ್ ಭಾಷೆಯಲ್ಲಿ ಆಲ್ಟ್ ಎಂದರೆ ಹಳ್ಳ, ಬೇಹೆ ಎಂದರೆ ಬರ್ಚ್ ಮರ. ಬರ್ಚ್ ಹಳ್ಳ. ನಾನು ಹೋದಾಗ ಅದರ ಸುತ್ತ ಕಣ್ಣು ಹಾಯಿಸಿದಷ್ಟೂ ಹುಲ್ಲು, ಹೆದರ್ ಪೊದೆ, ಜೌಗು. ಸಸಿಗಳಿದ್ದದ್ದು ಬೇಲಿ ಕಟ್ಟಿ ನೆಟ್ಟ ಕಡೆ ಮಾತ್ರ. ಹುಣಸೂರಿನಲ್ಲಿ ಹುಣಸೆಯೇ ಇಲ್ಲ, ಮೂಡುಬಿದಿರೆಯಲ್ಲಿ ಬಿದಿರೇ ಇಲ್ಲ ಎಂದು ನಾವು ತಮಾಷೆ ಮಾಡುತ್ತೇವಲ್ಲ, ಹಾಗೆ. ಇಲ್ಲಿ ಮಾತ್ರ ಒಂದು ಊರಲ್ಲ, ನೂರಾರು ಹಳ್ಳಕೊಳ್ಳಗಳು ಇಲ್ಲದ ಮರಗಳ ಹೆಸರು ಹೊತ್ತು ಕುಳಿತಿವೆ.

ಮರ ಬೆಳೆಯಲು ಇಲ್ಲಿ ಚಳಿ ಹೆಚ್ಚು ಎಂದುಕೊಳ್ಳಬೇಡಿ. ಬೆನ್ ನೆವಿಸ್ ಎತ್ತರ 1345 ಮೀಟರ್. ಸ್ಕಾಟ್ಸ್ ಪೈನ್ ಮರ ಕೇರ್ನ್‌ಗಾರ್ಮ್ಸ್‌ನಲ್ಲಿ ಸುಮಾರು 640 ಮೀಟರ್‌ವರೆಗೂ ತಾನಾಗಿಯೇ ಹತ್ತುತ್ತದೆ. ಅದರ ಕೆಳಗಿನ ಇಳಿಜಾರೆಲ್ಲ ಮರಕ್ಕೆ ಒಗ್ಗುವ ಜಾಗವೇ. ಆದರೂ ಹಳೆಯ ಪೈನ್ ಕಾಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ತುಂಡು ತುಂಡಾಗಿ ಉಳಿದಿದೆ. ಕಡಿದರು, ಸುಟ್ಟರು, ದನ ಮೇಯಿಸಿದರು. 18ನೇ ಶತಮಾನದ ಕೊನೆಯಿಂದ ಜಮೀನುದಾರರು ಗೇಣಿದಾರರನ್ನು ಕಣಿವೆಗಳಿಂದ ಎಬ್ಬಿಸಿ ಶೆವಿಯಟ್ ಕುರಿಗಳನ್ನು ತುಂಬಿದರು. ಅದಾದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ ಶ್ರೀಮಂತರಿಗೆ ಬೇಟೆಯ ಹುಚ್ಚು ಹಿಡಿಯಿತು, ಕುರಿಯ ಜಾಗಕ್ಕೆ ಕೆಂಜಿಂಕೆ ಬಂತು. ಅದನ್ನು ತಿನ್ನುವ ತೋಳ ಅಷ್ಟರಲ್ಲಿ ಇಲ್ಲವಾಗಿತ್ತು. ಕೊನೆಯ ತೋಳವನ್ನು 1680ರಲ್ಲಿ ಕೊಂದರು ಎಂದು ಒಂದು ಕಡೆ ಹೇಳುತ್ತಾರೆ, 1743 ಎಂದು ಇನ್ನೊಂದು ಕಡೆ.

ಇದಕ್ಕೊಂದು ವಿಚಿತ್ರ ಹೆಸರಿದೆ: ಜಿಂಕೆ ಅರಣ್ಯ. ಒಂದು ಮರವೂ ಇಲ್ಲದ ಹತ್ತಾರು ಚದರ ಕಿಲೋಮೀಟರ್ ಬೆಟ್ಟಕ್ಕೂ ನಕ್ಷೆಯಲ್ಲಿ ಅರಣ್ಯ ಎಂದೇ ಅಚ್ಚಾಗಿದೆ!

ಕಾನುಮನೆ

ಈಗ ನನ್ನ ಸರದಿ, ನಿಮ್ಮ ಅಣ್ಣನ ಪರ.

ಇನ್ವರ್ನೆಸ್‌ವಾಸಿಗಳ ಮಾತು ಅಲ್ಲಿಯ ಮಟ್ಟಿಗೆ ಸರಿ. ಆದರೆ ಅದನ್ನು ಓದಿ ಯಾರಾದರೂ ಉತ್ಸಾಹಿಗಳು ಕುದುರೆಮುಖದ ಬೋಳು ಗುಡ್ಡಕ್ಕೂ ಸಸಿ ಹೊತ್ತುಕೊಂಡು ಹೊರಟಾರು ಎಂಬ ಭಯ ನನಗೆ. ನಮ್ಮ ಶೋಲಾ ಹುಲ್ಲುಗಾವಲು ಮರ ಕಳೆದುಕೊಂಡ ನೆಲವಲ್ಲ. ಕೊರಕಲಿನಲ್ಲಿ ಶೋಲಾ ಎಂಬ ಕುಳ್ಳ ನಿತ್ಯಹಸಿರು ಕಾಡು, ಬೆನ್ನಿನ ಮೇಲೆ ಹುಲ್ಲು, ಎರಡೂ ಒಟ್ಟಿಗೆ ಸಾವಿರಾರು ವರ್ಷ ಬಾಳಿವೆ. ನೀಲಗಿರಿಯ ಜೌಗುಗಳಲ್ಲಿ ಪೂರ್ತಿ ಕೊಳೆಯದ ಗಿಡಗಳು ಪದರ ಪದರವಾಗಿ ಕೂತ ಪೀಟ್ ಮಣ್ಣನ್ನು ಬಗೆದು ಪರೀಕ್ಷಿಸಿದ ವಿಜ್ಞಾನಿಗಳಿಗೆ 20 ಸಾವಿರ ವರ್ಷಕ್ಕೂ ಹಿಂದಿನ ಹುಲ್ಲಿನ ಗುರುತು ಸಿಕ್ಕಿದೆ. ಆಗ ಅಲ್ಲಿ ಕೊಡಲಿ ಹಿಡಿದವರು ಯಾರಿದ್ದರು?

ಇದೇ ಹುಲ್ಲನ್ನು ಬ್ರಿಟಿಷ್ ಅರಣ್ಯಾಧಿಕಾರಿಗಳು ಬೀಳುನೆಲ ಎಂದು ಬರೆದುಕೊಂಡರು. 19ನೇ ಶತಮಾನದಲ್ಲಿ ನೀಲಗಿರಿಗೆ ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರ ಬಂದದ್ದು ಹಾಗೆ. ಸ್ವಾತಂತ್ರ್ಯ ಬಂದ ಮೇಲೂ ಕಡತದ ಭಾಷೆ ಬದಲಾಗಲಿಲ್ಲ. ಮಲೆನಾಡಿನ ಎಷ್ಟು ಬ್ಯಾಣ, ಎಷ್ಟು ಗೋಮಾಳಗಳಿಗೆ ಅಕೇಶಿಯಾ ತುಂಬಿದರು ಎಂಬುದು ನಮ್ಮ ಊರ ಕಡೆಯವರಿಗೆ ಗೊತ್ತು. ನಮ್ಮ ಮನೆಯ ಹಿಂದಿನ ಬ್ಯಾಣದಲ್ಲಿ ಅಜ್ಜಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತಿದ್ದ ಜಾಗದಲ್ಲಿ ಈಗ ಅಕೇಶಿಯಾದ ಬಡಕಲು ಎಲೆ ಕೊಳೆಯದೆ ಬಿದ್ದಿರುತ್ತದೆ. ಹಟ್ಟಿಗೆ ಹಾಕಿದರೆ ಗೊಬ್ಬರವೂ ಆಗುವುದಿಲ್ಲ.

ಒಂದೇ ಮುಖದ ಇಬ್ಬರ ಜಾತಕ ಒಂದೇ ಆಗಿರುವುದಿಲ್ಲ. ಅಲ್ಲಿ ಮರ ಇರಬೇಕಿತ್ತು, ಇಲ್ಲ. ಇಲ್ಲಿ ಮರ ಇರಬಾರದಿತ್ತು, ನೆಟ್ಟರು.

ಇನ್ವರ್ನೆಸ್‌ವಾಸಿ

ಕಾನುಮನೆಯವರೇ, ಒಪ್ಪಿದೆ. ಆದರೆ ಸ್ಕಾಟ್ಲೆಂಡಿನಲ್ಲೂ ‘ಇರಬಾರದ ಕಡೆ ನೆಟ್ಟ’ ಕಥೆ ಇದೆ. ಉತ್ತರದ ತುದಿಯಲ್ಲಿ ಫ್ಲೋ ಕಂಟ್ರಿ ಎಂಬ ಜೌಗು ಪ್ರದೇಶ, ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರ್. ಸ್ಫ್ಯಾಗ್ನಮ್ ಪಾಚಿ ಸತ್ತು ಕೊಳೆಯದೆ ಪದರಗಟ್ಟಿದ ಪೀಟ್, ಕೆಲವು ಕಡೆ ಹತ್ತು ಮೀಟರ್ ಆಳ. 1980ರ ದಶಕದಲ್ಲಿ ಅರಣ್ಯ ಬೆಳೆಸಿದವರಿಗೆ ತೆರಿಗೆ ವಿನಾಯಿತಿ ಇತ್ತು. ಲಂಡನ್ನಿನ ಹಣವಂತರು ಆ ಜೌಗನ್ನು ಉಳುಮೆ ಮಾಡಿಸಿ, ಕಾಲುವೆ ತೋಡಿಸಿ, ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ನೆಡಿಸಿದರು. ಅವರಲ್ಲಿ ಎಷ್ಟು ಜನ ಆ ನೆಲದ ಮೇಲೆ ಕಾಲಿಟ್ಟಿದ್ದರೋ! 1988ರ ಬಜೆಟ್‌ನಲ್ಲಿ ವಿನಾಯಿತಿ ರದ್ದಾಯಿತು, ನೆಡುವ ಉತ್ಸಾಹವೂ ಅಲ್ಲಿಗೇ ನಿಂತಿತು. ಈಗ ಫಾರ್ಸಿನಾರ್ಡ್‌ನಲ್ಲಿ ಅದೇ ಮರಗಳನ್ನು ಕಡಿದು, ಕಾಲುವೆ ಮುಚ್ಚಿ, ನೀರು ನಿಲ್ಲಿಸುತ್ತಿದ್ದಾರೆ. 2024ರಲ್ಲಿ ಆ ಜೌಗು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕುದುರೆಮುಖ ಸೇರಿದಂತೆ ಪಶ್ಚಿಮ ಘಟ್ಟದ ತಾಣಗಳು 2012ರಲ್ಲೇ ಸೇರಿದ್ದವು.

ಗುಂಡುಕಲ್ಲು

ಮರದ ಜಗಳದಲ್ಲಿ ಕಲ್ಲನ್ನು ಮರೆತಿರಿ. ನೆಲ ಹೀಗೇಕೆ ಇದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಬಾಳೆಹೊಳೆಯವರು ಯೂಇಸ್ಟ್‌ನಲ್ಲಿ ಇಳಿದ ಕೂಡಲೇ ಕಾಲ ಕೆಳಗೆ ಬೂದು ಗುಲಾಬಿ ಪಟ್ಟೆಯ, ಹಿಂಡಿದ ಬಟ್ಟೆಯಂತೆ ಮಡಿಕೆ ಬಿದ್ದ ಬಂಡೆ ನೋಡುತ್ತಾರೆ. ಅದು ಲೂಯಿಸಿಯನ್ ನೈಸ್. ಅತಿ ಹಳೆಯ ಭಾಗಕ್ಕೆ ಸುಮಾರು 300 ಕೋಟಿ ವರ್ಷ. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿದರೆ ತಪ್ಪಲ್ಲ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್ ಶಿಲೆಯೇ, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಲಾಲ್‌ಬಾಗ್ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ನಿಂತಿದೆ, ಲೂಯಿಸ್ ದ್ವೀಪದವರು ಸುಮಾರು ಐದು ಸಾವಿರ ವರ್ಷದ ಹಿಂದೆ ಆ ಕಲ್ಲನ್ನೇ ಎಬ್ಬಿಸಿ ಕ್ಯಾಲನಿಶ್‌ನಲ್ಲಿ ವೃತ್ತವಾಗಿ ನಿಲ್ಲಿಸಿದ್ದಾರೆ.

ವಾಯವ್ಯ ಮೂಲೆಯಲ್ಲಿ ಈ ನೈಸ್ ಮೇಲೆ ಟಾರಿಡನ್‌ನ ಕೆಂಪು ಮರಳುಗಲ್ಲು, ಸುಮಾರು 100 ಕೋಟಿ ವರ್ಷದ್ದು. ಆಮೇಲೆ ಬರುವುದು ತಲೆಕೆಳಗಾದ ಲೆಕ್ಕ. ನಾಕನ್ ಕ್ರ್ಯಾಗ್ ಎಂಬಲ್ಲಿ ಹಳೆಯ ಕಲ್ಲು ಮೇಲೆ, ಹೊಸ ಕಲ್ಲು ಕೆಳಗೆ. 19ನೇ ಶತಮಾನದ ಭೂವಿಜ್ಞಾನಿಗಳು ಇದರ ಮೇಲೆ ದಶಕಗಟ್ಟಲೆ ಕಚ್ಚಾಡಿದರು. ಬೆನ್ ಪೀಚ್ ಮತ್ತು ಜಾನ್ ಹಾರ್ನ್ ಮಳೆಯಲ್ಲಿ ನೆನೆದು ಅಡಿ ಅಡಿ ಅಳೆದು ನಕ್ಷೆ ಬರೆದ ಮೇಲೆ ಎಲ್ಲರೂ ಒಪ್ಪಿದರು: ಖಂಡಗಳು ಡಿಕ್ಕಿ ಹೊಡೆದಾಗ ಹಳೆಯ ಪದರ ಹೊಸದರ ಮೇಲೆ ಹತ್ತಾರು ಕಿಲೋಮೀಟರ್ ಜಾರಿ ಹತ್ತಿದೆ. ಬೆರಳಿಟ್ಟು ಮುಟ್ಟಬಹುದಾದ ಗೆರೆ ಅದು. ಬೆರಳಿನ ಮೇಲಿನ ಕಲ್ಲು ಕೆಳಗಿನದಕ್ಕಿಂತ ಕೋಟ್ಯಂತರ ವರ್ಷ ಹಳೆಯದು.

ಕೊನೆಗೆ ಹಿಮ. ಬೆಟ್ಟದ ಕೊನೆಯ ಹಿಮನದಿಗಳು ಕರಗಿದ್ದು ಸುಮಾರು 11,500 ವರ್ಷದ ಹಿಂದೆ. ಅಂದರೆ ಇಂದು ಅಲ್ಲಿರುವ ಗಿಡ, ಹಕ್ಕಿ, ಪ್ರಾಣಿಗಳೆಲ್ಲ ಹೆಚ್ಚುಕಡಿಮೆ ಅದರ ನಂತರ ಬಂದ ವಲಸಿಗರು. ನಮ್ಮ ಘಟ್ಟದಲ್ಲಿ ಒಂದೊಂದು ಹಳ್ಳಕ್ಕೂ ಒಂದೊಂದು ಕಪ್ಪೆ ಇರುವುದು, ಅಲ್ಲಿ ಪಟ್ಟಿ ಬೇಗ ಮುಗಿಯುವುದು, ಎರಡಕ್ಕೂ ಇದೊಂದು ಮುಖ್ಯ ಕಾರಣ. ಇಡೀ ಬ್ರಿಟನ್ನಿಗೆ ತನ್ನದೇ ಎನ್ನುವ ಹಕ್ಕಿ ಪ್ರಭೇದ ಇರುವುದು ಒಂದು, ಸ್ಕಾಟಿಷ್ ಕ್ರಾಸ್‌ಬಿಲ್. ಕೊಕ್ಕಿನ ತುದಿಗಳು ಕತ್ತರಿಯಂತೆ ಒಂದನ್ನೊಂದು ದಾಟಿರುತ್ತವೆ, ಪೈನ್ ಕಾಯಿ ಬಿಡಿಸಲು.

ಮಲ್ಪೆ ದೋಣಿ

ಕಲ್ಲಿನ ಮಾತು ಬಂತಲ್ಲ, ಸ್ಟಾಫಾ ದ್ವೀಪ ಬಿಡಬೇಡಿ. ಬಸಾಲ್ಟ್ ಕಂಬಗಳು ಆರು ಮೂಲೆಯ ಪೆನ್ಸಿಲ್ ಕಟ್ಟಿನಂತೆ ಸಮುದ್ರದಿಂದ ಎದ್ದು ನಿಂತಿವೆ. ನಮ್ಮ ಸೇಂಟ್ ಮೇರೀಸ್ ದ್ವೀಪ ನೋಡಿದ ಕಣ್ಣಿಗೆ ಹೊಸದೇನಲ್ಲ ಎಂದು ಜಂಬದಿಂದ ಹೋಗಿದ್ದೆ. ಸ್ಟಾಫಾದ ಗುಹೆಯೊಳಗೆ ಅಲೆ ನುಗ್ಗಿ ಗುಡುಗಿದಾಗ ಜಂಬ ಇಳಿಯಿತು. ವಯಸ್ಸಿನಲ್ಲಿ ಮಾತ್ರ ನಮ್ಮದೇ ಹಿರಿದು: ಸೇಂಟ್ ಮೇರೀಸ್ ಕಲ್ಲು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ. ಸ್ಟಾಫಾ ಸುಮಾರು 6 ಕೋಟಿ.

ಬಿಳಿಬಾಲದ ಕಡಲ ಹದ್ದು ನೋಡಲು ಮಲ್ ದ್ವೀಪಕ್ಕೆ ಹೋಗಿ. ನಮ್ಮ ನೇತ್ರಾಣಿಯಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದಿನ ದೊಡ್ಡಪ್ಪನ ಮಗ ಎನ್ನಿ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಮೀರುತ್ತದೆ. ಸುಮಾರು 1918ರ ಹೊತ್ತಿಗೆ ಬ್ರಿಟನ್ನಿನ ಕೊನೆಯದನ್ನು ಗುಂಡಿಕ್ಕಿ ಕೊಂದಿದ್ದರು. 1975ರಿಂದ 1985ರವರೆಗೆ ನಾರ್ವೆಯಿಂದ 82 ಮರಿಗಳನ್ನು ತಂದು ಇದೇ ರಮ್ ದ್ವೀಪದಲ್ಲಿ ಬಿಟ್ಟರು. 1985ರಲ್ಲಿ ಮಲ್‌ನಲ್ಲಿ ಮೊದಲ ಮರಿ ಹಾರಿತು. ಈಗ ನೂರಕ್ಕೂ ಹೆಚ್ಚು ಜೋಡಿಗಳಿವೆ.

ಕುರಿಹಟ್ಟಿ

ಎಲ್ಲರೂ ಹದ್ದಿನ ಕಡೆ. ಕುರಿಯವನ ಮಾತನ್ನೂ ಯಾರಾದರೂ ಹೇಳಬೇಕಲ್ಲ.

ಆ ಹದ್ದು ಕುರಿಮರಿ ಎತ್ತುತ್ತದೆ. ಎಷ್ಟು ಎತ್ತುತ್ತದೆ, ಬದುಕಿದ್ದನ್ನೋ ಸತ್ತದ್ದನ್ನೋ ಎಂಬುದರ ಮೇಲೆ ಅಲ್ಲಿ ಜಗಳ ಮುಗಿದಿಲ್ಲ. ಪ್ರವಾಸಿಗೆ ಅದು ಫೋಟೋ, ಸಣ್ಣ ಹಿಡುವಳಿಯ ಕ್ರಾಫ್ಟರ್‌ಗೆ ವರ್ಷದ ಲಾಭ. ತೋಳ ತನ್ನಿ, ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕು ತನ್ನಿ ಎಂದು ನಗರದವರು ಹೇಳುವಾಗಲೂ ಇದೇ. 2025ರ ಜನವರಿಯಲ್ಲಿ ಯಾರೋ ಕಳ್ಳತನದಿಂದ ಕಿಂಗ್ಯೂಸಿ ಹತ್ತಿರ ನಾಲ್ಕು ಲಿಂಕ್ಸ್ ಬಿಟ್ಟು ಹೋದರು. ಕೊರೆಯುವ ಚಳಿಯಲ್ಲಿ, ಬೇಟೆ ಗೊತ್ತಿಲ್ಲದ ಪ್ರಾಣಿಗಳು. ಹಿಡಿದ ಮೇಲೂ ಒಂದು ಸತ್ತಿತು. ಇದು ಯಾವ ಪ್ರಾಣಿಪ್ರೀತಿ?

ಕ್ರಾಫ್ಟರ್‌ಗಳ ಪೂರ್ವಜರನ್ನೇ ಕುರಿಗಾಗಿ ಒಕ್ಕಲೆಬ್ಬಿಸಿದ್ದು. ಉಳಿದವರಿಗೆ 1886ರ ಕಾಯ್ದೆಯಿಂದ ಗೇಣಿ ಹಕ್ಕು ಗಟ್ಟಿಯಾಯಿತು. ಈಗ ‘ಪ್ರಕೃತಿಗಾಗಿ ಸ್ವಲ್ಪ ಸರಿಯಿರಿ’ ಎಂದರೆ ಅವರ ಕಿವಿಗೆ ಹೇಗೆ ಕೇಳಿಸೀತು ಎಂದು ಊಹಿಸಿ. ನಮ್ಮ ಘಟ್ಟದ ಊರುಗಳಲ್ಲಿ ಗಾಡ್ಗೀಳ್, ಕಸ್ತೂರಿರಂಗನ್ ವರದಿಗಳ ಹೆಸರು ಎತ್ತಿದರೆ ಜನ ಯಾಕೆ ಎದ್ದು ನಿಲ್ಲುತ್ತಾರೆ ಎಂದು ಕೇಳುವವರಿಗೂ ಇದೇ ಉತ್ತರ.

ಇನ್ವರ್ನೆಸ್‌ವಾಸಿ

ಕುರಿಹಟ್ಟಿಯವರ ಸಿಟ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ಬಹುಪಾಲು ಬೆಟ್ಟ ಕ್ರಾಫ್ಟರ್‌ಗಳ ಕೈಯಲ್ಲಿಲ್ಲ, ಬೆರಳೆಣಿಕೆಯ ದೊಡ್ಡ ಜಮೀನುದಾರರ ಕೈಯಲ್ಲಿದೆ. ಜಿಂಕೆ ಕಡಿಮೆ ಮಾಡಿ ಎಂದರೆ ಕುರಿಯವನ ಹೊಟ್ಟೆಗೆ ಹೊಡೆತವಲ್ಲ, ಬೇಟೆಯ ಬಂಗಲೆಗೆ. ಕ್ರೇಗ್ ಮೆಗ್ಗಿ ಬೆಟ್ಟದಲ್ಲಿ 1980ರ ದಶಕದ ನಡುವಿನಿಂದ ಜಿಂಕೆ ಸಂಖ್ಯೆ ಇಳಿಸಿದರು. ಬೇಲಿ ಹಾಕಲಿಲ್ಲ, ಸಸಿ ನೆಡಲಿಲ್ಲ. ಬರ್ಚ್ ತಾನಾಗಿಯೇ ಎದ್ದಿತು. ಹೆದರ್ ಪೊದೆಯೊಳಗೆ ಪಾದದೆತ್ತರದ ಸಸಿಗಳು ವರ್ಷ ವರ್ಷ ಜಿಂಕೆಯ ಬಾಯಿಗೆ ಸಿಕ್ಕಿ ಕುಬ್ಜವಾಗಿ ಅಡಗಿರುತ್ತವೆ. ಮೇಯುವ ಬಾಯಿ ಕಡಿಮೆಯಾದರೆ ಸಾಕು.

ಪಾಚಿಗಟ್ಟು

ಒಂದು ತಿದ್ದುಪಡಿ. ಎಲ್ಲವನ್ನೂ ಕುರಿ, ಜಿಂಕೆ, ಜಮೀನುದಾರರ ಮೇಲೆ ಹೊರಿಸಬೇಡಿ. ಪೈನ್ ಕಾಡು ಹಿಂದೆ ಸರಿಯತೊಡಗಿದ್ದು ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆಯೇ. ಹವೆ ತೇವಗೊಂಡಿತು, ಪಶ್ಚಿಮದಲ್ಲಿ ನೆಲ ನೀರು ಹಿಡಿಯಿತು, ಪಾಚಿ ಮೇಲೇರಿ ಬೇರುಗಳಿಗೆ ಉಸಿರು ಕಟ್ಟಿಸಿತು. ಪೀಟ್ ಕಡಿಯುವಾಗ ಬುಡದಲ್ಲಿ ಪೈನ್ ಬೊಡ್ಡೆಗಳು ಬೇರು ಹರಡಿಕೊಂಡು ನಿಂತ ಹಾಗೆಯೇ ಸಿಗುತ್ತವೆ. ಅದರ ಮೇಲೆ ಕೊಡಲಿಯ ಗುರುತಿಲ್ಲ. ಮನುಷ್ಯ ಬೆಂಕಿ ಹಚ್ಚಿ, ದನ ಬಿಟ್ಟು ಆ ಕೆಲಸವನ್ನು ಬೇಗ ಮಾಡಿಸಿದ, ಆಮೇಲೆ ಮರ ಹಿಂದಿರುಗದಂತೆ ನೋಡಿಕೊಂಡ. ಎರಡೂ ನಿಜ.

ಕಾನುಮನೆಯವರು ನೀಲಗಿರಿಯ ಪೀಟ್ ಹೇಳಿದರು. ಅಲ್ಲಿಯ ಪೀಟ್ ಹುಲ್ಲಿನ ಪರವಾಗಿ ಸಾಕ್ಷಿ ಹೇಳಿದರೆ, ಇಲ್ಲಿಯ ಪೀಟ್ ಮರದ ಪರವಾಗಿ ಹೇಳುತ್ತದೆ. ರೈಲಿನ ಕಿಟಕಿಯಿಂದ ಎರಡೂ ಒಂದೇ ಬಣ್ಣ.

ಬಾಳೆಹೊಳೆ

ತಪ್ಪು ಎಲ್ಲಿ ಎಂದು ಈಗ ತಿಳಿಯಿತು. ಅಣ್ಣನಿಗೆ ಕಾನುಮನೆಯವರ ಬರಹ ಕಳುಹಿಸಿದ್ದೇನೆ, ಇನ್ನೂ ಉಬ್ಬಿದ್ದಾನೆ. ಯೂಇಸ್ಟ್ ಬಗ್ಗೆ ಯಾರೂ ಹೇಳಲಿಲ್ಲ.

ಹಕ್ಕಿಬೆನ್ನು

ಯೂಇಸ್ಟ್‌ಗಳ ಪಶ್ಚಿಮ ದಡದಲ್ಲಿ ಮಾಖರ್ ಎಂಬ ನೆಲವಿದೆ. ಅಟ್ಲಾಂಟಿಕ್ ಗಾಳಿ ಚಿಪ್ಪಿನ ಪುಡಿಯನ್ನು ಹೊತ್ತು ತಂದು ಹುಳಿ ಪೀಟ್ ಮೇಲೆ ಸುರಿದು, ಸುಣ್ಣ ಬೆರೆತ ಮಣ್ಣಾಗಿದೆ. ಕ್ರಾಫ್ಟರ್‌ಗಳು ಕಡಲಪಾಚಿಯ ಗೊಬ್ಬರ ಹಾಕಿ ಓಟ್ಸ್, ರೈ ಬೆಳೆದು, ಒಂದೆರಡು ವರ್ಷ ಬೀಳು ಬಿಡುತ್ತಾರೆ. ಜೂನ್ ಕೊನೆಗೆ ಹೋದರೆ ಹೂವಿನ ಮೇಲೆ ಕಾಲಿಡದೆ ನಡೆಯಲಾಗುವುದಿಲ್ಲ.

ರಾತ್ರಿ ಬಾಚಣಿಗೆಯ ಹಲ್ಲನ್ನು ಉಗುರಿನಿಂದ ಗೀರಿದಂತೆ ‘ಕ್ರೆಕ್ಸ್ ಕ್ರೆಕ್ಸ್’ ಕೇಳಿಸಿದರೆ ಅದು ಕಾರ್ನ್‌ಕ್ರೇಕ್, ನಮ್ಮ ಹುಂಡುಕೋಳಿಯ ಬಳಗ. ಆಫ್ರಿಕಾದಿಂದ ಬರುತ್ತದೆ. ಎರಡು ಗಂಟೆ ಕೂಗು ಕೇಳಿದೆ, ಹಕ್ಕಿಯ ಒಂದು ಪುಕ್ಕವೂ ಕಾಣಲಿಲ್ಲ. ಯಂತ್ರದಿಂದ ಬೇಗನೆ, ಅಂಚಿನಿಂದ ನಡುವಿಗೆ ಹುಲ್ಲು ಕೊಯ್ಯತೊಡಗಿದ ಮೇಲೆ ಮರಿಗಳು ನಡುವಿನಲ್ಲಿ ಸಿಕ್ಕಿಹಾಕಿಕೊಂಡು ಸತ್ತವು. ಈಗ ತಡವಾಗಿ, ನಡುವಿನಿಂದ ಹೊರಕ್ಕೆ ಕೊಯ್ದವರಿಗೆ ಹಣ ಕೊಡುತ್ತಾರೆ. ಇಲ್ಲಿ ಮಾತ್ರ ಬೇಸಾಯ ನಿಂತರೆ ಹಕ್ಕಿಯೂ ಹೋಗುತ್ತದೆ. ಕುರಿಹಟ್ಟಿಯವರಿಗೆ ಸಂತೋಷವಾಗಲಿ.

ಇನ್ನೊಂದು ಕಥೆ. 1974ರಲ್ಲಿ ದಕ್ಷಿಣ ಯೂಇಸ್ಟ್‌ನಲ್ಲಿ ತೋಟದ ಬಸವನಹುಳು ತಿನ್ನಲೆಂದು ನಾಲ್ಕಾರು ಹೆಡ್ಜ್‌ಹಾಗ್ ತಂದು ಬಿಟ್ಟರು. ನಮ್ಮ ಮುಳ್ಳುಹಂದಿಯಲ್ಲ, ಮುಷ್ಟಿಗಿಂತ ತುಸು ದೊಡ್ಡ ಪ್ರಾಣಿ. ಅವು ಸಾವಿರಗಟ್ಟಲೆಯಾಗಿ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ, ಗೊರವಗಳ ಗೂಡುಗಳನ್ನು ಬಳಿದು ತಿಂದವು. 2003ರಲ್ಲಿ ಕೊಲ್ಲಲು ಶುರುಮಾಡಿದಾಗ ದೇಶವೆಲ್ಲ ಗದ್ದಲ. ಕೊನೆಗೆ ಹಿಡಿದು ಹಿಡಿದು ದೋಣಿ ಹತ್ತಿಸಿ ಮುಖ್ಯನಾಡಿಗೆ ಕಳುಹಿಸಿದರು.

ಪಾಚಿಗಟ್ಟು

ದ್ವೀಪದ ಲೆಕ್ಕ ಯಾವಾಗಲೂ ಬಿಗಿ. ಯೂಇಸ್ಟ್‌ಗೂ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪದಿಂದ 1930ರ ಆಗಸ್ಟ್ 29ರಂದು ಕೊನೆಯ 36 ಜನ ದೋಣಿ ಹತ್ತಿದರು. ಅವರ ಮನೆಗಳಲ್ಲಿದ್ದ, ಆ ದ್ವೀಪದ್ದೇ ತಳಿಯಾದ ಮನೆ ಇಲಿ ಕೆಲವೇ ವರ್ಷಗಳಲ್ಲಿ ನಾಮಾವಶೇಷವಾಯಿತು. ಬಯಲಿನ ಇಲಿ ಉಳಿದಿದೆ, ಮುಖ್ಯನಾಡಿನ ಇಲಿಯ ಎರಡರಷ್ಟು ತೂಕ. ಮನುಷ್ಯ ಹೋದರೆ ಎಲ್ಲವೂ ಚಿಗುರುತ್ತದೆ ಎನ್ನುವವರು ಆ ಮನೆ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಮಲ್ಪೆ ದೋಣಿ

ಮಿಜ್ ಬಗ್ಗೆ ಯಾರೂ ಎಚ್ಚರಿಸಲಿಲ್ಲವೇ? ಸಾಸಿವೆಗಿಂತ ಸಣ್ಣ ನೊಣ, ಗಾಳಿ ನಿಂತ ಸಂಜೆ ಮೋಡದಂತೆ ಬರುತ್ತದೆ. ಬಲೆಯ ಟೋಪಿ ಕೊಳ್ಳಿ.

ಕಾನುಮನೆ

ಇಂಬಳದ ನಾಡಿನಿಂದ ಹೋದವರಿಗೆ ನೊಣದ ಭಯವೇ!

ಮಲ್ಪೆ ದೋಣಿ

ಇಂಬಳ ಒಂದೊಂದಾಗಿ ಹತ್ತುತ್ತದೆ, ಸುಣ್ಣ ಹಚ್ಚಿದರೆ ಬಿಡುತ್ತದೆ. ಹೋಗಿ ಬಂದು ಮಾತನಾಡಿ.

ಬಾಳೆಹೊಳೆ

ಹೋಗಿ ಬಂದೆ. ಟೋಪಿ ಕೊಂಡಿರಲಿಲ್ಲ, ಆ ವಿಷಯ ಬಿಡಿ.

ರಮ್‌ನಲ್ಲಿ ಹ್ಯಾಲಿವಲ್ ಬೆಟ್ಟಕ್ಕೆ ರಾತ್ರಿ ಗೈಡ್ ಜೊತೆ ಹತ್ತಿದೆವು. ಕಂದು ಹುಲ್ಲಿನ ನಡುವೆ ಮೇಲೆ ಎತ್ತರದಲ್ಲಿ ಇದ್ದಕ್ಕಿದ್ದಂತೆ ಹಸಿರು, ಭತ್ತದ ಸಸಿಮಡಿಯಷ್ಟು ಹಸಿರು. ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ಅಲ್ಲಿ ಬಿಲ ತೋಡಿ ಗೂಡು ಮಾಡುತ್ತದೆ, ಅದರ ಹಿಕ್ಕೆಯ ಗೊಬ್ಬರವಂತೆ. ಒಂದು ಲಕ್ಷ ಜೋಡಿಯ ಆಸುಪಾಸು, ಚಳಿಗಾಲಕ್ಕೆ ದಕ್ಷಿಣ ಅಮೆರಿಕ. ಜೂನ್‌ನಲ್ಲಿ ಕತ್ತಲೆ ಪೂರ್ತಿ ಆಗುವುದೇ ಇಲ್ಲ. ಇದ್ದುದರಲ್ಲಿ ಮಬ್ಬಾದ ಹೊತ್ತಿಗೆ ಬಂದವು. ಮೊದಲು ಕಿವಿಯ ಪಕ್ಕ ರೆಕ್ಕೆಯ ಗಾಳಿ, ಆಮೇಲೆ ನೆಲದೊಳಗಿಂದ ಕೂಗು. ಉಬ್ಬಸದ ಮುದುಕ ಮತ್ತು ಅಳುವ ಮಗು ಒಟ್ಟಿಗೆ ಕೂಗಿದರೆ ಹೇಗೋ ಹಾಗೆ. ವೈಕಿಂಗರು ಪಕ್ಕದ ಬೆಟ್ಟಕ್ಕೆ ಟ್ರೊಲಾವಲ್, ಅಂದರೆ ಭೂತದ ಬೆಟ್ಟ ಎಂದು ಹೆಸರಿಟ್ಟದ್ದು ಈ ಕೂಗಿಗೇ ಇರಬೇಕು ಎಂದು ಗೈಡ್ ಹೇಳಿದರು. ನನಗೆ ಪಂಜುರ್ಲಿ ನೆನಪಾಯಿತು.

ಅವರು ಹೇಳಿದ ಇನ್ನೊಂದು ಮಾತು ಮರೆಯಲಾಗುತ್ತಿಲ್ಲ. ಆ ಬೆಟ್ಟದ ಜಿಂಕೆಗಳು ಬಿಲದಿಂದ ಹೊರಬಂದ ಮರಿಗಳ ತಲೆ ಕಚ್ಚಿ ತಿನ್ನುತ್ತವಂತೆ. ಮಣ್ಣಿನಲ್ಲಿ ಸಾಕಷ್ಟು ಸುಣ್ಣವಿಲ್ಲ, ಕೊಂಬಿಗೆ ಬೇಕು, ಅದಕ್ಕೆ ಎಳೆಯ ಮೂಳೆ. ಹುಲ್ಲು ತಿನ್ನುವ ಸಾಧುಪ್ರಾಣಿ ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ನಗು ಬರುತ್ತದೆ.

ಪಾಚಿಗಟ್ಟು ಅವರಿಗೆ ಒಂದು ಪ್ರಶ್ನೆ. ದಕ್ಷಿಣ ಯೂಇಸ್ಟ್‌ನಲ್ಲಿ, ಸುತ್ತ ಒಂದು ಪೊದೆಯೂ ಇಲ್ಲದ ಜೌಗಿನಲ್ಲಿ, ಒಬ್ಬರು ಉರುವಲಿಗೆ ಪೀಟ್ ಕಡಿಯುತ್ತಿದ್ದರು. ಸೊಂಟದ ಆಳದ ಕಂದಕದ ಬುಡದಲ್ಲಿ ತೋಳಿನಷ್ಟು ದಪ್ಪದ ಕೊಂಬೆಯೊಂದು ಅಡ್ಡ ಮಲಗಿತ್ತು. ಬೆರಳಿನಿಂದ ಒತ್ತಿದರೆ ನೆನೆದ ರೊಟ್ಟಿಯಂತೆ ಮೆತ್ತಗಿತ್ತು. ಯಾವ ಮರ ಎಂದು ಅವರಿಗೂ ಗೊತ್ತಿರಲಿಲ್ಲ. ಪೈನ್ ಇರಬಹುದೇ?

ಪಾಚಿಗಟ್ಟು

ತೊಗಟೆ ಉಳಿದಿತ್ತೇ? ಯಾವ ಬಣ್ಣ?

ಬಾಳೆಹೊಳೆ

ಉಳಿದಿತ್ತು. ಕೆಸರು ಒರೆಸಿದ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು, ಕಾಗದದಂತೆ ಸುರುಳಿ ಬಿಟ್ಟಿತ್ತು.

ಪಾಚಿಗಟ್ಟು

ಹಾಗಾದರೆ ಬರ್ಚ್. ಒಳಗಿನ ಮರ ಮೆತ್ತಗಾದರೂ ಅದರ ತೊಗಟೆ ಪೀಟ್‌ನಲ್ಲಿ ಸಾವಿರಾರು ವರ್ಷ ಹಾಗೆಯೇ ಇರುತ್ತದೆ.

ಇನ್ವರ್ನೆಸ್‌ವಾಸಿ

ಬೇಹೆ.